ಏಡಿ ತಿನ್ನದ ಏಡಿಗಾರ

ಕ್ಲೆಮ್ ಟ್ರೆಗಾರ್ಥನ್ ಸಮುದ್ರದಲ್ಲಿ ಹೆದರಿದ್ದನ್ನು ನಮ್ಮ ಪೊಲ್‌ಮೆರಿನ್ ಬಂದರಿನಲ್ಲಿ ಯಾರೂ ಕಂಡವರಿಲ್ಲ. ನೈಋತ್ಯದ ಗಾಳಿ ಹೆಂಚು ಹಾರಿಸುವ ದಿನವೂ ಅವನ ದೋಣಿ ‘ಗ್ವೆನ್ವರ್’ ಹೊರಗೆ ಹೋಗಿ, ಕಡಲ ತಳಕ್ಕೆ ಇಳಿಬಿಟ್ಟ ಬುಟ್ಟಿ ಎತ್ತಿ, ಏಡಿ ತುಂಬಿಕೊಂಡು ಬರುತ್ತಿತ್ತು. ಅಂಥ ವೀರನ ಎದೆ ಡವಗುಟ್ಟುತ್ತಿದ್ದುದು ಊಟದ ತಟ್ಟೆಯ ಮುಂದೆ ಮಾತ್ರ, ಅದೂ ತಾನೇ ಹಿಡಿದ ಜೇಡ ಏಡಿಯ ಮುಂದೆ.

ಉದ್ದುದ್ದ ಕಾಲಿನ, ಮೈತುಂಬ ಮುಳ್ಳಿನ ಈ ಪ್ರಾಣಿಯನ್ನು ಕ್ಲೆಮ್ ಬದುಕಿಡೀ ಹಿಡಿದ. ಅವನಪ್ಪನೂ ಹಿಡಿದಿದ್ದ. ಇಬ್ಬರೂ ಒಂದು ಚೂರು ಬಾಯಿಗಿಟ್ಟವರಲ್ಲ. ಅವರೇ ಏನು, ಊರಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಅದು ಸ್ಪ್ಯಾನಿಷರ ಊಟ. ಪ್ರತಿ ಮಂಗಳವಾರ ಸ್ಪೇನಿನ ಗಲೀಸಿಯಾದ ವ್ಯಾಪಾರಿ ಎವಾರಿಸ್ತೋನ ಲಾರಿ ಬಂದು, ಏಡಿಗಳನ್ನು ಜೀವಂತವಾಗಿ ನೀರಿನ ತೊಟ್ಟಿಗೆ ಇಳಿಸಿಕೊಂಡು ಹೊರಡುತ್ತಿತ್ತು. ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ಕ್ಲೆಮ್ ನಿಂತು ನೋಡುತ್ತಿದ್ದ. ಆಮೇಲೆ ಮನೆಗೆ ಹೋಗಿ ಹೆಂಡತಿ ತಮ್ಸಿನ್ ಕೈಯ ದನದ ಮಾಂಸದ ಪ್ಯಾಸ್ಟಿ ತಿನ್ನುತ್ತಿದ್ದ. ಕರ್ಜಿಕಾಯಿಯನ್ನು ಅಂಗೈಗಿಂತ ದೊಡ್ಡದು ಮಾಡಿ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್ ತುಂಬಿ, ಅಂಚು ಹೆಣೆದು ಒಲೆಯಲ್ಲಿ ಬೇಯಿಸಿದರೆ ಪ್ಯಾಸ್ಟಿ. ಅದರೊಳಗೆ ಐದನೆಯದೊಂದು ಸೇರಿದರೆ ನಮ್ಮಲ್ಲಿ ಮನೆತನಗಳು ಮಾತು ಬಿಡುತ್ತವೆ.

ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ದೇಶ ಜನರನ್ನು ಕೇಳಿದಾಗ, ಬಿಡಲೇಬೇಕೆಂದು ಕ್ಲೆಮ್ ರಣಭೇರಿ ಬಾರಿಸಿಯೇಬಿಟ್ಟ. ಬಾವುಟ ಕಟ್ಟಿದ ದೋಣಿಗಳ ಮುಂದೆ ಗ್ವೆನ್ವರ್, ಗ್ವೆನ್ವರ್‌ನ ಮೂತಿಯಲ್ಲಿ ಕ್ಲೆಮ್, ಕೈಯಲ್ಲಿ ಮಂಜಿನ ದಿನ ಊದುವ ಕೊಂಬು. ಅರ್ಜುನನಿಗಾದರೂ ಯುದ್ಧದ ಬೆಳಿಗ್ಗೆ ಒಂದಿಷ್ಟು ಅನುಮಾನ ಬಂದಿತ್ತು. ಕ್ಲೆಮ್‌ಗೆ ಅದೂ ಬರಲಿಲ್ಲ. ದಡಕ್ಕೆ ಬಂದು, ಮೀನಿನ ಪೆಟ್ಟಿಗೆ ಹತ್ತಿ, “ನಮ್ಮ ನೀರಲ್ಲಿ ಎಷ್ಟು ಹಿಡೀಬೇಕು ಅಂತ ಅವರ್‍ಯಾರು ಹೇಳೋಕೆ?” ಎಂದು ಗುಡುಗಿದ.

ಗುಂಪಿನಲ್ಲಿ ತಮ್ಸಿನ್‌ಳ ಅಕ್ಕ ಲವ್ಡೇ ಇದ್ದಳು. ಚರ್ಚಿನಲ್ಲಿ ಆರ್ಗನ್ ಬಾರಿಸುವವಳು. ಎಲ್ಲಿ ಜೋರಾಗಿ ಒತ್ತಬೇಕೆಂದು ಗೊತ್ತಿದ್ದವಳು.

“ಕ್ಲೆಮ್, ನನ್ ಚೆಲುವಾ, ಮಿತಿ ಹಾಕಿರೋದು ಮೀನಿಗೆ ಕಣೋ. ನಿನ್ನ ಜೇಡ ಏಡಿಗೆ ಯಾರು ಮಿತಿ ಹಾಕಿದಾರೆ?”

“ತತ್ವ ಅಂತ ಒಂದಿದೆ, ಲವ್ಡೇ!”

“ಇರ್ಲಪ್ಪ. ಅದನ್ನ ಯಾವ ಲಾರಿಗೆ ತುಂಬ್ತೀಯ?”

ಜನ ನಕ್ಕರು. ನಕ್ಕವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕ್ಲೆಮ್ ಹೇಳಿದಂತೆಯೇ ಮತ ಹಾಕಿದರು. ದೇಶವೂ ಹಾಕಿತು. ಆ ರಾತ್ರಿ ಕ್ಲೆಮ್ ಎಷ್ಟು ಕೊಂಬು ಊದಿದನೆಂದರೆ, ದೂರದಲ್ಲಿ ಹೋಗುತ್ತಿದ್ದ ಹಡಗೊಂದು ಮಂಜು ಕವಿದಿದೆಯೆಂದು ವೇಗ ತಗ್ಗಿಸಿತಂತೆ.

ನಾಯಕರು ವರ್ಷಗಟ್ಟಲೆ ಜಗ್ಗಾಡಿ, ಕೊನೆಗೊಮ್ಮೆ ದೇಶವನ್ನು ನಿಜವಾಗಿಯೂ ಹೊರಗೆ ತಂದರು. ಆಗ ತಿಳಿಯಿತು, ಏಡಿಗೂ ಈಗ ಆರೋಗ್ಯ ಪತ್ರ ಬೇಕೆಂದು. ಪಶುವೈದ್ಯರ ಸಹಿಯಿಲ್ಲದೆ ಅದು ಕಡಲು ದಾಟುವಂತಿಲ್ಲ. ವೈದ್ಯರು ಬರುವುದು ಅವರಿಗೆ ಪುರಸೊತ್ತಾದಾಗ, ಏಡಿ ಸಾಯುವುದು ಅದಕ್ಕೆ ತೋಚಿದಾಗ. ಲಾರಿಗಳು ರೇವಿನಲ್ಲಿ ಸಾಲುಗಟ್ಟಿ ನಿಂತವು. ಮೊದಲ ವರ್ಷ ಕ್ಲೆಮ್ ಎಲ್ಲವನ್ನೂ ಆಗ ಲೋಕಕ್ಕೆಲ್ಲ ಬೀಗ ಹಾಕಿಸಿದ್ದ ಸೋಂಕಿನ ತಲೆಗೆ ಕಟ್ಟಿದ. ಸೋಂಕು ಇಳಿಯಿತು, ಲಾರಿ ಮಾತ್ರ ಮೊದಲಿನಂತೆ ಬರಲಿಲ್ಲ. ಬೈಯಲು ಯಾರೂ ಉಳಿಯದ ಮನುಷ್ಯನಷ್ಟು ಅನಾಥ ಬೇರೆ ಯಾರೂ ಇಲ್ಲ.

ರಾಜಧಾನಿಯಿಂದ ದೊಡ್ಡವರೊಬ್ಬರು ಬಂದು ಏಡಿಯನ್ನು ತಲೆಕೆಳಗಾಗಿ ಹಿಡಿದು, ಫೋಟೋ ತೆಗೆಸಿಕೊಂಡು, ಹೋದರು. ಎವಾರಿಸ್ತೋ ಫೋನಿನಲ್ಲಿ ಅಳುದನಿಯಲ್ಲಿ, “ವಾರ ವಾರ ಆಗಲ್ಲ ಗೆಳೆಯಾ, ಆದಾಗ ಕಳಿಸ್ತೀನಿ” ಎಂದ. ಆದಾಗ ಎಂದರೆ ತಿಂಗಳಿಗೊಮ್ಮೆ. ತಿಂಗಳಿಗೊಂದು ಲಾರಿಯಿಂದ ದೋಣಿಗೆ ಡೀಸೆಲ್ ಹುಟ್ಟುವುದಿಲ್ಲ.

ಆಗ ಬಂದ ಲಂಡನ್ನಿನ ಮನುಷ್ಯ. ಗ್ವೆನ್ವರ್‌ನ ಸುತ್ತ ಎರಡು ಸಲ ಓಡಾಡಿ, ಕೊಳ್ಳುತ್ತೇನೆ ಎಂದ. ಮೀನು ಹಿಡಿಯಲಲ್ಲ. ತನ್ನ ಹುಲ್ಲುಹಾಸಿನ ಮೇಲೆ ನಿಲ್ಲಿಸಿ, ಒಳಗೆ ಮಂಚ ಹಾಕಿ, ಅಂಚಿಗೆ ಹೂಕುಂಡ ತೂಗುಹಾಕಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡಲು. ಏಪ್ರಿಲ್ ಮುಗಿಯುವುದರೊಳಗೆ ಉತ್ತರ ಬೇಕೆಂದ. ಕ್ಲೆಮ್ ಆ ಸಂಜೆ ಊಟ ಬಿಟ್ಟ.

“ಹೂಕುಂಡ, ತಮ್ಸಿನ್! ನನ್ನ ಗ್ವೆನ್ವರ್‌ಗೆ ಹೂಕುಂಡ!”

“ಹಾಗಾದ್ರೆ ಮಾರಬೇಡ. ಏಡೀನ ಇಲ್ಲೇ ಮಾರೋಣ.”

“ಯಾರು ತಿಂತಾರೆ?”

“ಪ್ಯಾಸ್ಟಿ ಒಳಗೆ ಹಾಕಿದ್ರೆ ತಿಂತಾರೆ.”

ಕ್ಲೆಮ್ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದ. “ಮೆತ್ತಗೆ ಮಾತಾಡೇ! ಪ್ಯಾಸ್ಟಿ ಒಳಗೆ ಏಡಿ? ಹೆಡ್ಲಿ ಕೇಳಿಸ್ಕೊಂಡ್ರೆ ನನ್ನ ಊರು ಬಿಡಿಸ್ತಾನೆ.”

“ನೀನು ಇಡೀ ದೇಶಕ್ಕೇ ಒಕ್ಕೂಟ ಬಿಡಿಸ್ದೆ. ಒಂದೂರು ಯಾವ ಲೆಕ್ಕ?”

ಹೆಡ್ಲಿ ನ್ಯಾನ್‌ಕ್ಯಾರೊ ನಮ್ಮ ರಗ್ಬಿ ಕ್ಲಬ್ಬಿನ ಅಧ್ಯಕ್ಷ, ಪ್ಯಾಸ್ಟಿ ಧರ್ಮದ ಜಗದ್ಗುರು. ಅಂಚನ್ನು ಪಕ್ಕಕ್ಕೆ ಹೆಣೆಯದೆ ಮೇಲಕ್ಕೆ ಹೆಣೆದಿದ್ದಾಳೆಂದು ಸ್ವಂತ ಸೊಸೆಯನ್ನೇ ಆರು ತಿಂಗಳು ಮಾತಾಡಿಸದವನು. ತಮ್ಸಿನ್ ಅಂಗಡಿ ಹಾಕಿದ್ದು ಅವನ ಮೈದಾನದಲ್ಲೇ, ಋತುವಿನ ಕೊನೆಯ ಪಂದ್ಯದ ದಿನ. ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಳು: “ಜೇಡ ಏಡಿಯ ಪ್ಯಾಸ್ಟಿ.” ಮುಚ್ಚುಮರೆ ಅವಳ ಜಾಯಮಾನವಲ್ಲ.

ಅರ್ಧ ಪಂದ್ಯ ಮುಗಿದು ಹಸಿದ ಸೇನೆ ಹೊರಗೆ ಬಂತು. ಹಲಗೆ ಓದಿತು. ಹೆಣ ಕಂಡಂತೆ ಟೋಪಿ ತೆಗೆದು ಮುಂದೆ ಹೋಯಿತು. ಬೆಣ್ಣೆಯ ಘಮಕ್ಕೆ ಕೆಲವರ ಕಾಲು ತಡೆದವು. ಆದರೆ ಹೆಡ್ಲಿ ಅಲ್ಲಿಯೇ ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದ.

“ತಮ್ಸಿನ್, ಹೆಣ್ಣುಮಗಳು ಅಂತ ಸುಮ್ನಿದೀನಿ. ಇದು ಪಾಪ.”

“ತಿಂದು ನೋಡಿ ಹೇಳು ಹೆಡ್ಲಿ.”

“ನಿನ್ನ ಗಂಡ ತಿಂದಿದಾನಾ?”

ಸುತ್ತ ಇದ್ದವರೆಲ್ಲ ಕ್ಲೆಮ್ ಕಡೆ ತಿರುಗಿದರು. ಕ್ಲೆಮ್ ತನ್ನ ಬೂಟು ನೋಡಿಕೊಂಡ.

“ಏನೋ ಕ್ಲೆಮ್? ಪ್ಯಾಸ್ಟಿ ಬಿಡು, ಬರೀ ಏಡಿ? ಯಾವತ್ತಾದ್ರೂ?”

“ಅವಕಾಶ… ಸಿಕ್ಕಿರಲಿಲ್ಲ.”

ಮೈದಾನ ಬಿರಿಯುವಂತೆ ನಗು ಎದ್ದಿತು. “ದೋಣಿ ತುಂಬ ಅವಕಾಶ ತರ್ತಿದ್ದೆಯಲ್ಲೋ!” ಎಂದು ಯಾರೋ ಹಿಂದಿನಿಂದ ಕೂಗಿದರು. ಲವ್ಡೇ ಮಾತ್ರ ನಗಲಿಲ್ಲ. ಮುಂದೆ ಬಂದು ತಂಗಿಯ ಪಕ್ಕ ನಿಂತು, “ತಿನ್ನೋ ಮಾರಾಯಾ. ಇಲ್ಲಾಂದ್ರೆ ಸೋಮವಾರ ಹೂಕುಂಡಕ್ಕೆ ನೀರು ಹಾಕೋಕೆ ಹೋಗು” ಎಂದಳು.

ಹಾಲಾಹಲ ಕೈಗೆತ್ತಿಕೊಂಡ ಶಿವನೂ ಅಷ್ಟು ಮುಖ ಕಿವುಚಿರಲಾರ. ಕ್ಲೆಮ್ ಒಂದು ಪ್ಯಾಸ್ಟಿ ಎತ್ತಿದ. ಮೂಸಿದ. ಕಡಲಿನ ಕಡೆ ಒಮ್ಮೆ ನೋಡಿದ, ಕಣ್ಣು ಮುಚ್ಚಿದ, ಕಚ್ಚಿದ. ಹೆಡ್ಲಿ ಉಸಿರು ಹಿಡಿದಿದ್ದ. ಕ್ಲೆಮ್ ಅಗಿದ, ನಿಲ್ಲಿಸಿದ, ಮತ್ತೆ ಅಗಿದ. ಅವನ ಮುಖದ ಮೇಲೆ ಮೊದಲು ಆಶ್ಚರ್ಯ, ಆಮೇಲೆ ಅನುಮಾನ, ಆಮೇಲೆ ಘೋರವಾದ ಸಿಟ್ಟು ಹಾದುಹೋಯಿತು.

“ಇಷ್ಟು ವರ್ಷ,” ಎಂದ ತುಂಬಿದ ಬಾಯಲ್ಲಿ, “ಇಷ್ಟು ವರ್ಷ ಆ ಎವಾರಿಸ್ತೋ ಇದನ್ನ ತಿಂತಾ ಇದ್ನಾ? ನಮಗೆ ಒಂದು ಮಾತೂ ಹೇಳ್ದೆ?”

ಎರಡನೆಯದಕ್ಕೆ ಕೈ ಹಾಕಿದಾಗ ತಮ್ಸಿನ್ ಅವನ ಮಣಿಕಟ್ಟಿಗೆ ಫಟ್ಟನೆ ಹೊಡೆದಳು. “ಮಾರೋಕೆ ಇಟ್ಟಿರೋದು!”

ಗಂಡನಿಗೂ ಕೊಡದ ವಸ್ತುವೆಂದರೆ ಅದರಲ್ಲೇನೋ ಇರಲೇಬೇಕು ಎಂದು ಜನಕ್ಕೆ ಅನಿಸಿತು. ಆಟಗಾರರೇ ಮೊದಲು ಮುಗಿಬಿದ್ದರು. ದ್ವಿತೀಯಾರ್ಧ ತಡವಾಗಿ ಶುರುವಾಯಿತು. ನಮ್ಮವರು ಹೀನಾಯವಾಗಿ ಸೋತರು, ಮೈದಾನದಲ್ಲಿ ಅದನ್ನು ಗಮನಿಸಿದವರು ಕಡಿಮೆ. ಹೆಡ್ಲಿ ಕೊನೆಗೆ ಬಂದು, “ಒಂದು ಕೊಡು, ನಾಯಿಗೆ” ಎಂದು ಒಯ್ದ. ಅವನ ಮನೆಯಲ್ಲಿ ನಾಯಿಯಿಲ್ಲ. ಕ್ಲಬ್ಬಿನ ಶೆಡ್ಡಿನ ಹಿಂದೆ ತುಟಿ ಒರೆಸಿಕೊಳ್ಳುತ್ತಿದ್ದವನನ್ನು ಲವ್ಡೇ ನೋಡಿದಳು. ಭಾನುವಾರ ಪ್ರಾರ್ಥನೆಗೆ ಮುಂಚೆ ಊರೆಲ್ಲ ನೋಡಿದಂತೆಯೇ ಆಯಿತು.

ಇದರಿಂದ ಕ್ಲೆಮ್ ಶ್ರೀಮಂತನಾಗಲಿಲ್ಲ. ಆದರೆ ತಮ್ಸಿನ್‌ಳ ಒಲೆ ವಾರದಲ್ಲಿ ಮೂರು ದಿನ ಆರಲಿಲ್ಲ, ಬಂದರಿನ ಹೋಟೆಲು ಜೇಡ ಏಡಿ ಕೇಳತೊಡಗಿತು, ಪಕ್ಕದ ಊರಿನವರು ನಾಚಿಕೊಂಡು ಬಂದು ಬಚ್ಚಿಟ್ಟುಕೊಂಡು ಒಯ್ದರು. ಲಂಡನ್ನಿನವನಿಗೆ ಕ್ಲೆಮ್ ತಾನೇ ಫೋನು ಮಾಡಿ, “ಕುಂಡಕ್ಕೆ ಬೇರೆ ದೋಣಿ ನೋಡ್ಕೊಳ್ಳಿ ಸ್ವಾಮಿ” ಎಂದ. ಮತದ ವಿಷಯ ಎತ್ತಿದರೆ ತಾನು ಹೇಳಿದ್ದೇ ಸರಿ ಎಂದು ಇಂದಿಗೂ ವಾದಿಸುತ್ತಾನೆ. ಲವ್ಡೇ ಇಂದಿಗೂ ಎತ್ತುತ್ತಾಳೆ.

ಜೂನ್ ಬಂತು. ಬುಟ್ಟಿಗಳು ತುಂಬಿ ತುಳುಕುವ ಕಾಲ. ಎವಾರಿಸ್ತೋ ಫೋನು ಮಾಡಿದ: ಸಹಿಗೆ ಪಶುವೈದ್ಯರು ಸಿಕ್ಕಿದ್ದಾರೆ, ಗುರುವಾರ ಲಾರಿ ಬರುತ್ತದೆ, ಏಡಿ ಎಷ್ಟಿದೆ?

ಕ್ಲೆಮ್ ಎದೆಯುಬ್ಬಿಸಿದ. “ಕ್ಷಮಿಸು ಗೆಳೆಯಾ, ಒಂದೂ ಉಳಿದಿಲ್ಲ. ನಮ್ಮ ಜನಕ್ಕೇ ಸಾಲ್ತಿಲ್ಲ.”

ತಮ್ಸಿನ್ ಹಿಟ್ಟಿನ ಕೈಯಲ್ಲೇ ಫೋನು ಕಿತ್ತುಕೊಂಡಳು. “ಎವಾರಿಸ್ತೋ, ಇವನ ಮಾತು ಬಿಡಿ. ತೊಟ್ಟಿ ತುಂಬ ಇದೆ. ಲಾರಿ ದೊಡ್ಡದೇ ಕಳಿಸಿ. ಆಮೇಲೆ, ನಿಮ್ಮನೇಲಿ ಇದಕ್ಕೆ ಏನು ಹಾಕಿ ಬೇಯಿಸ್ತೀರಿ, ಸ್ವಲ್ಪ ಹೇಳಿ ನೋಡೋಣ.”