ಜಾರಬೇಕಾದ ದಾರ

ಅಡಿಕೆ ಗೊನೆ ಇಳಿಸುತ್ತಿದ್ದ ಯೋಗೇಂದ್ರ, ಮೊಣಕಾಲು ಕೈಕೊಟ್ಟ ಮೇಲೆ ಎನ್.ಆರ್.ಪುರದ ಹಿನ್ನೀರಿನಲ್ಲಿ ಕೆಲಸ ಹಿಡಿದ. ನೀರಿನ ಮೇಲೆ ಹಲಗೆಯಲ್ಲಿ ನಿಂತವರನ್ನು ಎಳೆಯುವ ದೊಡ್ಡ ಗಾಳಿಪಟಗಳ ರಿಪೇರಿ. ಪಟದ ಅಂಚಿನ ಕವಲು ದಾರಗಳು ಪುಟ್ಟ ರಾಟೆಯಲ್ಲಿ ಜಾರುವುದು ಅವನ ಕಣ್ಣಿಗೆ ಬಿತ್ತು. ಮರ ಹತ್ತುವವನಿಗೆ ಜಾರುವ ಹಗ್ಗವೆಂದರೆ ಸಾವೇ. ಎಲ್ಲವನ್ನೂ ಗಂಟು ಹಾಕಿ ಬಿಗಿದ.

ಮರುದಿನ ಪಟ ಸರಿಯಾಗಿ ತಿರುಗಲಿಲ್ಲ. ನೀರಿಗೆ ಬಿದ್ದದ್ದು ಏಳಲೂ ಇಲ್ಲ. ಆಟ ಕಲಿಸುವ ಮಲ್ಲಿಕಾ ಅದನ್ನು ಎಳೆದು ತಂದು ಎಸೆದಳು.

"ಎಂತ ಯೋಗಣ್ಣ, ಗೊನೆ ಕಟ್ಟಿದ್ರಾ? ದಾರ ಜಾರಿದ್ರೆ ತಾನೆ ಪಟ ಮಗ್ಗುಲು ಹೊರಳಿ ಗಾಳಿ ಹಿಡಿಯೋದು."

"ಜಾರೋದು ನೋಡಿದ್ರೆ ನಂಗೆ ಆಗಲ್ಲ, ಮಾರಾಯ್ತಿ."

"ಹಂಗಾದ್ರೆ ಈ ಕೆಲಸನೂ ಆಗಲ್ಲ."

ಒದ್ದೆ ಗಂಟುಗಳು ಕಲ್ಲಾಗಿದ್ದವು. ಹಾಳು ಮೊಣಕಾಲನ್ನು ಬೈಯುತ್ತ ಒಂದು ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ. ದಾರ ಸರ್ರನೆ ಜಾರಿದಾಗ ಮುಖ ತಿರುಗಿಸಿ ಮುಂದಿನ ಗಂಟಿಗೆ ಕೈ ಹಾಕಿದ.