ಮೊಮ್ಮಗಳ ಎದೆಯಲ್ಲಿ ಮಿಸ್ಸಿಂಗ್

ನಮ್ಮ ಬೀದಿಯ ಕೊನೆಯಲ್ಲಿ ಇಂಜಿನ್ ರಿಪೇರಿ ಶೆಡ್ ಇಟ್ಟುಕೊಂಡಿರುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು. ಅದನ್ನು ಕೇಳುವ ಗೋಜಿಗೆ ಯಾರೂ ಹೋಗಿಲ್ಲ. ಎಲ್ಲರ ಬಾಯಲ್ಲೂ ಅವರು ಕಿವಿ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ ರೋಗ ಹೇಳುತ್ತಾರೆ. ಹೇಳಿದ್ದು ಸರಿಯಾದರೆ ಬೀಗುವುದಿಲ್ಲ, ತಪ್ಪಾದರೆ ಒಪ್ಪುವುದೂ ಇಲ್ಲ. ಪಕ್ಕದಲ್ಲೇ ಟೈಲರ್ ಅಂಗಡಿ ಇಟ್ಟುಕೊಂಡಿರುವ ನಾನು ಎರಡನ್ನೂ ಬೇಕಾದಷ್ಟು ನೋಡಿದ್ದೇನೆ.

ಗಿರಾಕಿಗಳಿಗೆ ಅವರು ಹೇಳುವುದು ಒಂದೇ ಸುಳ್ಳು: ಪಾರ್ಟ್ ಬಂದಿಲ್ಲ, ನಾಳೆ ಬರುತ್ತೆ. ಗಿರಾಕಿಗಳೂ ನಂಬಿದಂತೆ ಮಾಡಿ ಎದ್ದು ಹೋಗುತ್ತಾರೆ. ನಮ್ಮ ಕಸುಬಿನಲ್ಲೂ 'ಗುಂಡಿ ಹಾಕೋದೊಂದೇ ಬಾಕಿ' ಎನ್ನುವುದೊಂದು ಇರುವುದರಿಂದ ನಾನು ಈ ವಿಷಯದಲ್ಲಿ ಹೆಚ್ಚು ಮಾತಾಡುವುದಿಲ್ಲ.

ಮಗಳೂ ಏಳು ವರ್ಷದ ಮೊಮ್ಮಗಳೂ ಅವರ ಜೊತೆಯಲ್ಲೇ ಇದ್ದಾರೆ. ಕೂತಲ್ಲಿ ಕೂರದ ಆ ಮೊಮ್ಮಗಳಿಗೆ ಬೀದಿಯೆಲ್ಲ ಚಿನಕುರುಳಿ ಎನ್ನುತ್ತದೆ. ಒಂದು ಮಧ್ಯಾಹ್ನ ಅವಳು ಸೈಕಲ್ ತುಳಿದು ದಣಿದು ಶೆಡ್ಡಿನ ಬೆಂಚಿನ ಮೇಲೆ ನಿದ್ದೆಹೋದಳು. ಅಜ್ಜ ಬಗ್ಗಿ ಅವಳ ಎದೆಗೆ ಕಿವಿಯಿಟ್ಟರು. ಯಾಕೆಂದು ಕೇಳಿದರೆ ಅಭ್ಯಾಸಬಲ, ಅಷ್ಟೇ. ಬಡಿತ ಬೇಗಬೇಗ ಓಡಿತು, ನಿಧಾನವಾಯಿತು, ಮತ್ತೆ ಓಡಿತು. ಅವರು ನೆಟ್ಟಗಾದಾಗ ಮುಖ ಬಿಳಿಚಿಕೊಂಡಿತ್ತು.

ನಡುನಡುವೆ ಬಡಿತ ತಪ್ಪಿ ಮಿಸ್ಸಿಂಗ್ ಹೊಡೆಯುವ ಇಂಜಿನ್ನನ್ನು ಓಡಿಸಬಾರದು ಎನ್ನುವುದು ಆ ಶೆಡ್ಡಿನ ಕಾನೂನು. ಮಗಳು ಹೆದರಿಯಾಳು ಎಂದು ಅವರು ಮಗಳಿಗೆ ಹೇಳಲಿಲ್ಲ. ಡಾಕ್ಟರು ಏನಾದರೂ ಹೇಳಿಬಿಟ್ಟಾರು ಎಂದು ಡಾಕ್ಟರ ಹತ್ತಿರವೂ ಹೋಗಲಿಲ್ಲ. ಚಿನಕುರುಳಿಯ ಸೈಕಲ್ ಚೈನಿನ ಎರಡು ತುದಿ ಕೂಡಿಸುವ ಪುಟ್ಟ ಚೈನ್ ಲಾಕ್ ಬಿಚ್ಚಿ ಅಂಗಿ ಜೇಬಿಗೆ ಹಾಕಿಕೊಂಡರು. ಅವಳು ಎದ್ದು ಕೇಳಿದಾಗ, ಪಾರ್ಟ್ ಬಂದಿಲ್ಲ, ನಾಳೆ ಬರುತ್ತೆ ಎಂದರು.

ನಾಳೆಗಳು ಸಾಲಾಗಿ ಬಂದವು, ಪಾರ್ಟ್ ಬರಲಿಲ್ಲ. ಓಡಬೇಡ, ಹಾರಬೇಡ, ಮೆಟ್ಟಿಲು ನಿಧಾನ ಎಂದು ಅಜ್ಜ ಅವಳ ಹಿಂದೆಯೇ ತಿರುಗತೊಡಗಿದರು. ಎದುರು ಬೀದಿಯಲ್ಲೇ ಇರುವ ಶಾಲೆಗೆ ಮಗುವನ್ನು ಹೆಗಲ ಮೇಲೆ ಹೊತ್ತು ಹೊರಟ ದಿನ ಮಗಳು ಬಾಗಿಲಿಗೆ ಅಡ್ಡ ನಿಂತು ಅವರ ಬಾಯಿ ಬಿಡಿಸಿದಳು. ಮರುದಿನವೇ ಮಕ್ಕಳ ಡಾಕ್ಟರ ಹತ್ತಿರ ಹೋಗುವುದೆಂದಾಯಿತು. ಧೈರ್ಯಕ್ಕೆ ನಾನೂ ಬರಬೇಕಂತೆ. ಸೂಜಿ ಕಂಡರೆ ಹೆದರುವ ಟೈಲರನಿಂದ ಯಾವ ಧೈರ್ಯ ಸಿಗುತ್ತದೋ, ಹೋದೆ.

ಡಾಕ್ಟರಮ್ಮ ಮಗುವಿನ ಎದೆಬಡಿತ ಬಹಳ ಹೊತ್ತು ಕೇಳಿಸಿಕೊಂಡು, ಇದು ಮಕ್ಕಳಲ್ಲಿ ಮಾಮೂಲಿ ಎಂದರು. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ನಿಧಾನ. ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. ಸ್ಟೆತಾಸ್ಕೋಪನ್ನೇ ಅವರ ಕಿವಿಗೆ ಕೊಟ್ಟರು. ಮೇಸ್ತ್ರಿ ಎಂದಿನಂತೆ ಕಣ್ಣು ಮುಚ್ಚಿದರು. ಕಣ್ಣು ತೆರೆದು ಮಗುವಿನ ಹೊಟ್ಟೆ ನೋಡಿ ಎಂದರು ಡಾಕ್ಟರಮ್ಮ. ಹೊಟ್ಟೆ ಉಬ್ಬಿದಾಗ ಬಡಿತ ಓಡುತ್ತಿತ್ತು, ಇಳಿದಾಗ ಅದೂ ಇಳಿಯುತ್ತಿತ್ತು. ಆಮೇಲೆ ಚಿನಕುರುಳಿಯನ್ನು ಅಲ್ಲೇ ಕುಣಿಸಿ ಮತ್ತೆ ಕೇಳಿಸಿದರು. ಬಡಿತ ಜೋರಾಗಿತ್ತು, ಆದರೆ ಒಂದೇ ಸಮ.

ಡಾಕ್ಟರಮ್ಮ ಮಗಳನ್ನು ಕೇಳತೊಡಗಿದರು. ಓಡುವಾಗ ತಲೆ ಸುತ್ತಿ ಬಿದ್ದಿದ್ದಾಳಾ? ಎದೆ ನೋವು ಅಂತಾಳಾ? ಸುಮ್ಮನೆ ಕೂತಿದ್ದಾಗ ಎದೆ ಇದ್ದಕ್ಕಿದ್ದಂತೆ ವಿಪರೀತ ಜೋರಾಗಿ ಬಡಿದುಕೊಳ್ಳುತ್ತಾ? ತುಟಿ ನೀಲಿಯಾಗುತ್ತಾ? ಎಲ್ಲಕ್ಕೂ ಇಲ್ಲ ಎಂದಳು. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ದಿಢೀರನೆ ತೀರಿಕೊಂಡಿದ್ದಾರಾ? ಅದಕ್ಕೂ ಇಲ್ಲ ಎಂದಳು.

"ಇದ್ದ," ಎಂದರು ಮೇಸ್ತ್ರಿ. "ನನ್ನ ತಮ್ಮ. ಇವಳಷ್ಟೇ ಇದ್ದ. ಓಡ್ತಾ ಓಡ್ತಾ ಬಿದ್ದ, ಏಳಲಿಲ್ಲ. ಅವನ ಹಿಂದೆ ಓಡ್ತಿದ್ದೋನು ನಾನೇ."

ತನಗೊಬ್ಬ ಚಿಕ್ಕಪ್ಪ ಇದ್ದನೆಂದು ಮಗಳಿಗೆ ಗೊತ್ತಾದದ್ದು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಅವಳು ಅಪ್ಪನ ಮಂಡಿಯ ಮೇಲೆ ಕೈಯಿಟ್ಟಳು.

"ಹಾಗಿದ್ರೆ ನಾನು ಬರೀ ಕಿವಿ ನಂಬಲ್ಲ," ಎಂದರು ಡಾಕ್ಟರಮ್ಮ.

ಆ ಮಾತನ್ನು ಮೇಸ್ತ್ರಿ ತಮಗೇ ಹೇಳಿದ್ದೆಂದು ತಿಳಿದು ತಲೆ ತಗ್ಗಿಸಿದರು. ಇಸಿಜಿ ಮೊಮ್ಮಗಳಿಗೆ ಮಾತ್ರವಲ್ಲ, ಮಗಳಿಗೂ ಅಜ್ಜನಿಗೂ ಆಯಿತು. ಎದೆಗೆ ವೈರು ಅಂಟಿಸಿಕೊಂಡು ಮಲಗಿದ ಮೇಸ್ತ್ರಿ, ಮೆಷಿನ್ನಿನ ಫ್ಯಾನ್ ಸದ್ದು ಮಾಡ್ತಿದೆ, ಎಣ್ಣೆ ಬಿಡಿ ಎಂದು ನರ್ಸಿಗೆ ಸಲಹೆ ಕೊಟ್ಟರಂತೆ. ಮಗುವಿಗೆ ಹೃದಯದ ಸ್ಕ್ಯಾನೂ ಆಯಿತು. ವರದಿ ಬರುವವರೆಗೆ ಅವರು ಅಂಗಿ ಜೇಬನ್ನು ಹಿಡಿದುಕೊಂಡೇ ಕೂತಿದ್ದರು.

ಎಲ್ಲ ಸರಿಯಾಗಿತ್ತು. ತಮ್ಮನ ಕಥೆ ಇರುವುದರಿಂದ ಆಗಾಗ ಬಂದು ತೋರಿಸಬೇಕು, ಆಗ ಕೇಳಿದ್ದರಲ್ಲಿ ಒಂದು ಕಂಡರೂ, ಅದರಲ್ಲೂ ಆಡುವಾಗ ಬಿದ್ದರೆ, ತಡಮಾಡದೆ ಆಸ್ಪತ್ರೆಗೆ ಎತ್ತಿಕೊಂಡು ಬರಬೇಕು ಎಂದರು ಡಾಕ್ಟರಮ್ಮ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. "ಅಲ್ಲೀವರೆಗೆ ಓಡಲಿ ಬಿಡಿ, ಯಜಮಾನ್ರೇ. ಹೆದರಿಕೆಗೆ ಮಗೂನ ಕಟ್ಟಿ ಹಾಕ್ಬೇಡಿ."

ಶೆಡ್ಡಿಗೆ ಬಂದವರೇ ಮೇಸ್ತ್ರಿ ಜೇಬಿನಿಂದ ಚೈನ್ ಲಾಕ್ ತೆಗೆದು ಅಂಗೈ ಮೇಲಿಟ್ಟು ಮೊಮ್ಮಗಳಿಗೆ ತೋರಿಸಿದರು.

"ಪಾರ್ಟ್ ಬಂತು," ಎಂದರು.

ಚಿನಕುರುಳಿ ಅದನ್ನು ನೋಡಿದಳು, ಅಜ್ಜನನ್ನು ನೋಡಿದಳು, ಶೆಡ್ಡಿನ ಹಿಂದಕ್ಕೆ ಹೋದಳು. ಬರುವಾಗ ಸೈಕಲ್ ತುಳಿದುಕೊಂಡೇ ಬಂದಳು. ಚೈನಿನ ಬಿಚ್ಚಿದ ಜಾಗಕ್ಕೆ ತಂತಿ ಸುತ್ತಿತ್ತು. ತಂತಿ ಸವೆದು ಹೊಳೆಯುತ್ತಿತ್ತು.

"ನೀವು ಮಧ್ಯಾಹ್ನ ಮಲಗ್ತಿದ್ರಲ್ಲ ಅಜ್ಜ, ಆಗೆಲ್ಲ ಓಡಿಸ್ತಿದ್ದೆ," ಎಂದಳು. "ನಿಮ್ಮ ಪಾರ್ಟು ಬರಲ್ಲ ಅಂತ ಎಲ್ರಿಗೂ ಗೊತ್ತು."

ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ತಂತಿ ಸುತ್ತಿದ್ದನ್ನು ಪರೀಕ್ಷಿಸಿದರು. ಗಟ್ಟಿಯಾಗಿದೆ ಎಂದರು. ತಂತಿ ಬಿಚ್ಚಿ ಲಾಕ್ ಹಾಕಿದರು. ಅವಳು ಬೀದಿಯ ತುದಿಯವರೆಗೂ ಹೋಗಿ ತಿರುಗುವುದನ್ನು ನಿಂತು ನೋಡಿದರು. ಅವಳು ಎಲ್ಲೂ ಬೀಳಲಿಲ್ಲ. ಆಮೇಲೆ ಗ್ರೀಸ್ ಒರೆಸುವ ಬಟ್ಟೆಯಿಂದ ಕಣ್ಣು ಒರೆಸಿಕೊಂಡರು. ಮುಖವೆಲ್ಲ ಕಪ್ಪಾಯಿತು. ಸಂಜೆಯವರೆಗೂ ಹಾಗೆಯೇ ಗಿರಾಕಿಗಳ ಜೊತೆ ಮಾತಾಡಿದರು. ಯಾರೂ ಅವರಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ.