ಬಾಯಿಲ್ಲದ ಪತಂಗಕ್ಕೊಂದು ಅಂಕಿ ಬೀಗ

ಇನ್ನೂ ನಸುಗತ್ತಲು. ಬಸ್ ನಿಲ್ದಾಣದ ಮಹಿಳಾ ಶೌಚಾಲಯದಲ್ಲಿ ನೀರು ಸುರಿಯುವ ಮುಂಚೆ ಅಕ್ಕ ಗೋಡೆ ನೋಡುತ್ತಾರೆ. ದೀಪದ ಕೆಳಗೆ ಅಂಗೈಯಗಲದ ತಿಳಿಹಸಿರು ಪತಂಗವೊಂದು ರೆಕ್ಕೆ ಹರಡಿ ಕೂತಿದೆ. ಹಳೆಯ ಕ್ಯಾಲೆಂಡರಿನ ರಟ್ಟನ್ನು ಅದರ ಕಾಲ ಬಳಿ ಹಿಡಿದು, "ಹತ್ತು ತಾಯಿ, ಹೊತ್ತಾಯ್ತು," ಎನ್ನುತ್ತಾರೆ. ಅದು ಹತ್ತುತ್ತದೆ. ಹಿಂದಿನ ಮರಕ್ಕೆ ಬಿಟ್ಟು ಬಂದ ಮೇಲೇ ಪೊರಕೆಗೆ ಕೈ.

ನಿಲ್ದಾಣದವರಿಗೆಲ್ಲ ಇವರು ಅಕ್ಕ. ಗಂಡ ಹಾಸಿಗೆ ಹಿಡಿದಂದಿನಿಂದ ಇದೇ ಕೆಲಸ. ಮೂಗು ಮುಚ್ಚಿಕೊಂಡು ಬರುವವರು ಇವರ ಮುಖ ನೋಡುವುದು ಕಡಿಮೆ. ಪತಂಗ ಕಂಡರೆ ಮಾತ್ರ ಕಿಟಾರನೆ ಕಿರುಚಿ ಚಪ್ಪಲಿ ಕೈಗೆತ್ತಿಕೊಳ್ಳುತ್ತಿದ್ದರು. "ಸತ್ತಿದ್ದನ್ನ ಗುಡಿಸೋಳು ನಾನೇ ತಾನೆ? ಕರುಳು ಚುರುಕ್ ಅನ್ನೋದು."

ಚಪ್ಪಲಿ ಏಟು ತಪ್ಪಿಸುವ ದಾರಿ ಹುಡುಕಿದ್ದು ತಂಗಿಯ ಮಗಳು. ಮೊಬೈಲ್ ನಕ್ಷೆ ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಆಟದ ಹುಚ್ಚು ಅವಳಿಗೆ. ಹೊರಗೋಡೆಯ ಪೈಪಿನ ಹಿಂದೆ ಅಂಕಿ ಬೀಗದ ಡಬ್ಬಿಯೊಂದನ್ನು ಕಟ್ಟಿದಳು. ಅದರ ಮೇಲೆ, ಈ ನೆಲದ್ದೇ ಆದ ಹಸಿರು ಪತಂಗದ ಬಗ್ಗೆ ಮೂರು ಪ್ರಶ್ನೆ. ಕಾಲೆಷ್ಟು? ರೆಕ್ಕೆಗಳ ಮೇಲೆ ಕಣ್ಣಿನಂಥ ಚುಕ್ಕೆಯೆಷ್ಟು? ದಿನಕ್ಕೆ ಊಟ ಎಷ್ಟು ಸಲ? ಮೂರೂ ಉತ್ತರ ಸರಿಯಾದರೆ ಬೀಗ ಬಿಚ್ಚುತ್ತದೆ. ಕೊನೆಯದರಲ್ಲಿ ಎಲ್ಲರೂ ಮುಗ್ಗರಿಸುತ್ತಾರೆ. "ನಾನೂ ಎರಡು ಅಂದಿದ್ದೆ. ನನ್ನ ಹೊಟ್ಟೆ ಲೆಕ್ಕದಲ್ಲೇ ಹೇಳಿಬಿಟ್ಟೆ ನೋಡಿ," ಎಂದು ಅಕ್ಕ ನಗುತ್ತಾರೆ.

ಅಷ್ಟರಲ್ಲಿ, ಹುಳದ ಕಾಟವೆಂದು ಯಾರೋ ದೂರು ಕೊಟ್ಟರು. ಔಷಧಿ ಸಿಂಪಡಿಸಲು ಸ್ವಚ್ಛತೆ ಕೆಲಸದ ಮೇಸ್ತ್ರಿಯೇ ಬಂದರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು.

"ಸಾರ್, ಮೊದ್ಲು ಆ ಬೀಗ ತೆಗೀರಿ. ಆಮೇಲೆ ಬೇಕಾದ್ರೆ ಹೊಡೀರಿ."

ಕಾಲು, ಚುಕ್ಕೆಯ ಅಂಕಿ ಸರಿ ಹೊಂದಿಸಿದ ಮೇಸ್ತ್ರಿ ಕೊನೆಯದಕ್ಕೆ ಮೂರು ಊಟ ಎಂದರು, ಎರಡು ಎಂದರು. ಬೀಗ ಜಗ್ಗಲಿಲ್ಲ. ಅಕ್ಕ ಗೋಡೆಯಿಂದ ಆಗಷ್ಟೇ ರಟ್ಟಿಗೆ ಹತ್ತಿಸಿಕೊಂಡಿದ್ದ ಪತಂಗವನ್ನು ಅವರ ಮುಖದ ಹತ್ತಿರ ತಂದರು.

"ಇದಕ್ಕೆ ಬಾಯಿ ಎಲ್ಲಿದೆ ಹೇಳಿ?"

"ಕಾಣ್ತಾನೇ ಇಲ್ವಲ್ಲಮ್ಮ."

"ಇದ್ರೆ ತಾನೆ ಕಾಣೋದು? ಹುಳ ಆಗಿದ್ದಾಗ ತಿಂದಿದ್ದೇ ಕೊನೆ. ಇನ್ನೊಂದು ವಾರ ಇದ್ರೆ ಹೆಚ್ಚು. ಅಷ್ಟಕ್ಕೂ ಔಷಧಿ ಬೇಕಾ ಸಾರ್?"

ಮೇಸ್ತ್ರಿ ಸೊನ್ನೆ ತಿರುಗಿಸಿದರು. ಬೀಗ ಬಿಚ್ಚಿಕೊಂಡಿತು. ಔಷಧಿ ಬಂದ ದಾರಿಯಲ್ಲೇ ವಾಪಸಾಯಿತು. ಸಂಜೆ ಅವರೇ, ಪತಂಗಗಳನ್ನು ಸೆಳೆಯುತ್ತಿದ್ದ ಬಿಳಿ ಬಲ್ಬು ಕಳಚಿ ಮಂದ ಹಳದಿಯದನ್ನು ಹಾಕಿಸಿದರು. ಈಗ ಗೋಡೆಗೆ ಬರುವ ಪತಂಗಗಳು ಅಪರೂಪ. ಡಬ್ಬಿಯೂ ಮರದ ಬುಡಕ್ಕೆ ಹೋಗಿದೆ. "ಅವು ಬರದಿದ್ರೇ ನಂಗೆ ನೆಮ್ಮದಿ," ಎನ್ನುತ್ತಾರೆ ಅಕ್ಕ.

ಡಬ್ಬಿ ತೆರೆದವರು ಮೊಬೈಲಿನಲ್ಲಿ ಬರೆಯುವುದನ್ನು ತಂಗಿಯ ಮಗಳು ಓದಿ ಹೇಳುತ್ತಾಳೆ. ಮೊನ್ನೆ ಯಾರೋ ಪತಂಗವನ್ನು ಹಾಡಿ ಹೊಗಳಿ, ಕೊನೆಗೆ ಶೌಚಾಲಯವೂ ಲಕಲಕ ಎನ್ನುತ್ತಿದೆ ಎಂದು ಬರೆದಿದ್ದರಂತೆ. ಆ ಸಾಲನ್ನು ಅಕ್ಕ ಇನ್ನೊಮ್ಮೆ ಓದಿಸಿದರು.

"ಪತಂಗದ ಚೆಂದ ಅದರದ್ದೇ," ಎನ್ನುತ್ತಾರೆ. "ನೆಲ ಮಾತ್ರ ನಾನು ತಿಕ್ಕಿದ್ದು."